ಅಲ್ಯೂಮಿನಿಯಂ ಉರುಳೆಯ ಜೋಸೆಫ್ ವೆಬರ್

ನಮ್ಮ ಪ್ರೌಢಶಾಲೆಯ ಗಂಟೆ ನಿಜವಾಗಿ ರೈಲು ಹಳಿಯ ತುಂಡು. ಬಾರಿಸಿದ ಸದ್ದು ಅಡಗಿದ ಮೇಲೂ ಮುಟ್ಟಿದರೆ ಸಣ್ಣಗೆ ನಡುಗುತ್ತಿತ್ತು. ಈ ಸಂಚಿಕೆಗೆ ಒಬ್ಬ ವಿಜ್ಞಾನಿಯ ಬಗ್ಗೆ ಬರೆದುಕೊಡು ಎಂದು ಗುರುಗಳು ಹೇಳಿದಾಗ ನನಗೆ ಆ ಹಳಿ ನೆನಪಾಯಿತು, ಜೊತೆಗೆ ಜೋಸೆಫ್ ವೆಬರ್.

ವೆಬರ್ ಹುಟ್ಟಿದ್ದು 1919ರಲ್ಲಿ, ಅಮೆರಿಕದ ಪ್ಯಾಟರ್ಸನ್‌ನಲ್ಲಿ, ವಲಸೆ ಬಂದ ಯಹೂದಿ ಕುಟುಂಬದಲ್ಲಿ. ನೌಕಾಪಡೆ ಸೇರಿದರು. 1942ರ ಕದನದಲ್ಲಿ ಅವರಿದ್ದ ಲೆಕ್ಸಿಂಗ್ಟನ್ ಹಡಗು ಮುಳುಗಿತು, ಅವರು ಉಳಿದರು. ಯುದ್ಧ ಮುಗಿದ ಮೇಲೆ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪ್ರಾಧ್ಯಾಪಕರಾದರು.

ಭಾರೀ ಕಾಯಗಳು ಒಂದನ್ನೊಂದು ಸುತ್ತಿದರೆ ದೇಶ-ಕಾಲವೇ ಕೆರೆಯ ನೀರಿನಂತೆ ಅಲೆಯೇಳುತ್ತದೆ ಎಂಬುದು ಐನ್‌ಸ್ಟೀನರ ಲೆಕ್ಕ. ಅಳೆಯಲಾಗದಷ್ಟು ಸೂಕ್ಷ್ಮವೆಂದು ಉಳಿದವರು ಬಿಟ್ಟಿದ್ದ ಈ ಗುರುತ್ವ ಅಲೆಗಳನ್ನು ಹಿಡಿಯಲು ವೆಬರ್ ಹೊರಟರು. ಒಂದೂವರೆ ಮೀಟರ್ ಉದ್ದದ, ಟನ್ನಿಗೂ ಮಿಕ್ಕ ತೂಕದ ಅಲ್ಯೂಮಿನಿಯಂ ಉರುಳೆಯನ್ನು ತಂತಿಯಲ್ಲಿ ತೂಗುಹಾಕಿ, ಅದರ ನಡುವಿಗೆ ಕಂಪನವನ್ನು ವಿದ್ಯುತ್ತಾಗಿಸುವ ಹರಳುಗಳನ್ನು ಅಂಟಿಸಿದರು. ಅಲೆ ಹಾದರೆ ಉರುಳೆ ಸೆಕೆಂಡಿಗೆ ಸುಮಾರು 1660 ಸಲ ಮಿಡಿಯಬೇಕು. ಹತ್ತಿರದಲ್ಲಿ ಲಾರಿ ಹೋದರೂ ಮಿಡಿದೀತಲ್ಲ? ಅದಕ್ಕೇ ಸುಮಾರು ಸಾವಿರ ಕಿಲೋಮೀಟರ್ ದೂರದಲ್ಲಿ, ಶಿಕಾಗೋ ಬಳಿ ಇನ್ನೊಂದು ಉರುಳೆ. ಎರಡೂ ಒಟ್ಟಿಗೆ ಮಿಡಿದರಷ್ಟೇ ಲೆಕ್ಕಕ್ಕೆ.

1969ರಲ್ಲಿ ಅಲೆ ಸಿಕ್ಕಿತೆಂದು ಪ್ರಕಟಿಸಿದರು. ಮರುವರ್ಷ, ಅದು ನಮ್ಮ ಆಕಾಶಗಂಗೆಯ ಕೇಂದ್ರದಿಂದ ಬರುತ್ತಿದೆ ಎಂದರು. (ಅದೇ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡಿದ್ದ ನಮ್ಮ ಬೆಂಗಳೂರಿನ ಸಿ. ವಿ. ವಿಶ್ವೇಶ್ವರ, ಬೆಳಕನ್ನೂ ಬಿಡದ ಕಪ್ಪುಕುಳಿಯನ್ನು ಕೆಣಕಿದರೆ ಅದು ಗಂಟೆಯಂತೆ ಮಿಡಿದು ಶಾಂತವಾಗುತ್ತದೆಂದು 1970ರಲ್ಲೇ ಲೆಕ್ಕದಿಂದ ತೋರಿಸಿದರು.) ವೆಬರ್ ಜಗತ್ಪ್ರಸಿದ್ಧರಾದರು. ಆದರೆ ಅಷ್ಟೊಂದು ಶಕ್ತಿ ನಿಜವಾಗಿ ಹೊಮ್ಮುತ್ತಿದ್ದರೆ ಆಕಾಶಗಂಗೆ ಎಂದೋ ಸವೆದುಹೋಗಬೇಕಿತ್ತು. ಬೇರೆಯವರ ಉರುಳೆಗಳಲ್ಲೂ ಏನೂ ಸಿಗಲಿಲ್ಲ.

ಮುಂದಿನದು ನನ್ನಂಥ ಸಾಫ್ಟ್‌ವೇರ್‌ನವರ ಹೊಟ್ಟೆಯಲ್ಲಿ ಚಳಿ ಹುಟ್ಟಿಸುವ ಸಂಗತಿ. ರಾಚೆಸ್ಟರ್‌ನ ಉಪಕರಣದ ದಾಖಲೆಯೂ ತಮ್ಮದೂ ತಾಳೆಯಾಯಿತೆಂದು ವೆಬರ್ ಹೇಳಿದರು. ನೋಡಿದರೆ ಒಂದರ ಗಡಿಯಾರ ಅಮೆರಿಕದ ಸಮಯದಲ್ಲಿ, ಇನ್ನೊಂದರದು ಗ್ರೀನಿಚ್ ಸಮಯದಲ್ಲಿ! ನಾಲ್ಕು ಗಂಟೆ ಅಂತರದ ಮಿಡಿತಗಳನ್ನು ಏಕಕಾಲದವೆಂದು ಎಣಿಸಿದ್ದರು. ಅವರ ಕಂಪ್ಯೂಟರ್ ಪ್ರೋಗ್ರಾಮಿನಲ್ಲೂ ತಪ್ಪು ಸಿಕ್ಕಿತು. ನಾನೂ ಒಮ್ಮೆ ಐದೂವರೆ ಗಂಟೆ ಕೂಡಿಸಲು ಮರೆತು, ಎಲ್ಲ ಸರಿಯಿದೆಯೆಂದು ಎರಡು ದಿನ ವಾದಿಸಿದವನು. ಕೊನೆಗೆ ಒಪ್ಪಿಕೊಂಡೆ. ವೆಬರ್ ಮಾತ್ರ ಅಲೆ ಸಿಕ್ಕಿರಲಿಲ್ಲವೆಂದು ಸಾಯುವವರೆಗೂ ಒಪ್ಪಲಿಲ್ಲ. ಅದು ಹಟವೇ, ನಾನು ಸಮರ್ಥಿಸಲಾರೆ. ಆದರೂ ಅವರನ್ನು ನೋಡಿಯೇ ಉಳಿದವರು ಈ ಕೆಲಸಕ್ಕೆ ಇಳಿದರು.

ಅನುದಾನ ನಿಂತಿತು. ಎಂಬತ್ತರ ವಯಸ್ಸಿನಲ್ಲೂ ಪ್ರಯೋಗಾಲಯಕ್ಕೆ ಹೋಗುತ್ತಿದ್ದರು. 2000ದ ಚಳಿಗಾಲದಲ್ಲಿ ಅದರ ಮುಂದೆಯೇ ಹಿಮದ ಮೇಲೆ ಜಾರಿ ಬಿದ್ದರು. ಅದೇ ವರ್ಷ ಸೆಪ್ಟೆಂಬರ್ 30ರಂದು ತೀರಿಕೊಂಡರು.

2015ರ ಸೆಪ್ಟೆಂಬರ್ 14ರಂದು, ಸುಮಾರು 130 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಒಂದಾದ ಎರಡು ಕಪ್ಪುಕುಳಿಗಳ ಅಲೆ ಲೈಗೋ ಉಪಕರಣಗಳಿಗೆ ಸಿಕ್ಕಿತು. ಅಲ್ಲೂ ದೂರದೂರದ ಎರಡು ಉಪಕರಣಗಳು, ಎರಡೂ ಒಟ್ಟಿಗೆ ಮಿಡಿಯಬೇಕೆಂಬ ಅದೇ ಷರತ್ತು. 2023ರಲ್ಲಿ ಪಲ್ಸಾರ್ ನಕ್ಷತ್ರಗಳ ಮಿಡಿತ ಅಳೆಯುವ ತಂಡಗಳು ಇನ್ನೂ ನಿಧಾನದ ಅಲೆಗಳ ಸುಳಿವು ಕೊಟ್ಟವು. ಅವುಗಳಲ್ಲಿ ಪುಣೆ ಬಳಿಯ ರೇಡಿಯೋ ದೂರದರ್ಶಕ ಬಳಸಿದ ಭಾರತದ ತಂಡವೂ ಇತ್ತು. ದೂರದ ಗ್ಯಾಲಕ್ಸಿಗಳ ಕೇಂದ್ರಗಳಲ್ಲಿ ಜೋಡಿಯಾಗಿ ಸುತ್ತುವ ದೈತ್ಯ ಕಪ್ಪುಕುಳಿಗಳೇ ಅದರ ಮೂಲವಿರಬೇಕೆಂದು ಬಹುಪಾಲು ವಿಜ್ಞಾನಿಗಳ ಊಹೆ.

ವೆಬರ್ ಅವರ ಒಂದು ಉರುಳೆ ಈಗ ಹ್ಯಾನ್‌ಫರ್ಡ್‌ನ ಲೈಗೋ ಕೇಂದ್ರದಲ್ಲಿ ಪ್ರದರ್ಶನಕ್ಕಿದೆ.