ರೂಟ್ ಕಾಯ್ದ ಜಾನ್ ಪೋಸ್ಟೆಲ್

ಫಾರಿನ್‌ನಿಂದ ಕುಣಿಗಲ್‌ಗೆ ಒಂದು ಕಾಗದ ಬರ್ಬೇಕು ಅಂದ್ಕೊಳ್ಳಿ. ಅಲ್ಲಿನ ಅಂಚೆಯವರು ನಮ್ಮ ಬೀದಿ ಹೆಸರನ್ನು ನೋಡೋದೇ ಇಲ್ಲ. ಕೊನೆಯಲ್ಲಿರುವ ಭಾರತ ಅನ್ನೋ ಪದ ಸಾಕು. ಆಮೇಲೆ ಕರ್ನಾಟಕ, ತುಮಕೂರು, ಕುಣಿಗಲ್, ಕೊನೆಗೆ ಬೀದಿ. ಇಂಟರ್ನೆಟ್ಟಿನ ಹೆಸರುಗಳನ್ನೂ ಹೀಗೇ ಹಿಂದಿನಿಂದ ಹುಡುಕುತ್ತಾರೆ. ಡಾಟ್ ಕಾಮ್, ಡಾಟ್ ಇನ್ ಇವೆಲ್ಲ ಯಾವ ಸರ್ವರ್‌ನಲ್ಲಿವೆ ಅಂತ ಹೇಳುವ ಒಂದು ಪಟ್ಟಿ ಎಲ್ಲಕ್ಕಿಂತ ಮೇಲಿದೆ. ಅದೇ ರೂಟ್. ಅಲ್ಲಿಂದ ಒಂದು ಸಾಲು ತೆಗೆದರೆ ಅದರ ಕೆಳಗಿನ ಹೆಸರುಗಳೆಲ್ಲ ಹೋದ ಹಾಗೆ. ಯುಗೊಸ್ಲಾವಿಯಾ ಒಡೆದು ಹೋದ ಮೇಲೆ, 2010ರಲ್ಲಿ ಡಾಟ್ ವೈಯು ಹೀಗೇ ಹೋಯಿತು.

ಈ ಪಟ್ಟಿಯನ್ನು ವರ್ಷಗಟ್ಟಲೆ ನೋಡಿಕೊಂಡವರು ಜಾನ್ ಪೋಸ್ಟೆಲ್. ಹುಟ್ಟಿದ್ದು 1943ರ ಆಗಸ್ಟ್ 6ರಂದು, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಅವರೂ ನಮ್ಮ ಹಾಗೆ ಎಂಜಿನಿಯರಿಂಗ್ ಓದಿದವರೇ. ಲಾಸ್ ಏಂಜಲೀಸ್‌ನ ಯುಸಿಎಲ್‌ಎಯಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ, ಇಂಟರ್ನೆಟ್‌ನ ಮೂಲವಾದ ಆರ್ಪಾನೆಟ್ ಕೆಲಸಕ್ಕೆ ಸೇರಿದರು. ಉದ್ದ ಗಡ್ಡ, ಕಾಲಿಗೆ ಸ್ಯಾಂಡಲ್. ಎಲ್ಲರೂ ಹೊಸ ಪ್ರೋಗ್ರಾಂ ಬರೆಯೋ ಹುಮ್ಮಸ್ಸಿನಲ್ಲಿದ್ದಾಗ, ಯಾರಿಗೆ ಯಾವ ನಂಬರ್ ಕೊಟ್ಟಿದೆ ಅಂತ ಬರೆದಿಡುವ ಬೋರಿಂಗ್ ಕೆಲಸವನ್ನು ಇವರು ಹಿಡಿದರು. ಆರ್‌ಎಫ್‌ಸಿ ಅನ್ನೋ ದಾಖಲೆಗಳಿಗೆ 1969ರಿಂದ ಸಾಯುವ ತನಕ ಇವರೇ ಸಂಪಾದಕರು. ನಾವು ಪರೀಕ್ಷೆಗೆ ಓದುವ ಐಪಿ, ಟಿಸಿಪಿಯ 1981ರ ದಾಖಲೆಗಳನ್ನು ತಿದ್ದಿ ರೂಪಿಸಿದ್ದೂ ಇವರೇ.

ಆಗ ಎಲ್ಲ ಕಂಪ್ಯೂಟರ್‌ಗಳ ಹೆಸರೂ ಒಂದೇ ಫೈಲ್‌ನಲ್ಲಿ ಇರ್ತಿತ್ತು. ನೆಟ್‌ವರ್ಕ್ ಬೆಳೆದಂತೆ ಆ ಫೈಲ್ ಸಾಲದಾಯಿತು. ಪೋಸ್ಟೆಲ್ ಇದಕ್ಕೆ ದಾರಿ ಹುಡುಕಲು ಪಾಲ್ ಮೊಕಾಪೆಟ್ರಿಸ್ ಅವರಿಗೆ ಹೇಳಿದರು. 1983ರಲ್ಲಿ ಡಿಎನ್‌ಎಸ್ ಬಂತು. ದೇಶಗಳಿಗೆ ಎರಡಕ್ಷರದ ಹೆಸರು ಕೊಡುವಾಗ, ಯಾವುದು ದೇಶ ಯಾವುದು ಅಲ್ಲ ಅನ್ನೋ ಜಗಳಕ್ಕೆ ಪೋಸ್ಟೆಲ್ ಇಳಿಯಲೇ ಇಲ್ಲ. ಐಎಸ್‌ಒ ಸಂಸ್ಥೆಯ ಪಟ್ಟಿಯನ್ನೇ ತಗೊಂಡರು. ನಮ್ಮ ಡಾಟ್ ಇನ್ 1989ರಲ್ಲಿ ಸೇರಿದ್ದು ಹಾಗೆ.

ಆದರೆ ಇಂಟರ್ನೆಟ್‌ನಲ್ಲಿ ದುಡ್ಡು ಓಡಾಡೋಕೆ ಶುರುವಾದ ಮೇಲೆ ರೂಟ್ ಯಾರದು ಅನ್ನೋ ಪ್ರಶ್ನೆ ಎದ್ದಿತು. ಮೂಲ ಪ್ರತಿ ಇದ್ದದ್ದು ಅಮೆರಿಕ ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡಿದ್ದ ನೆಟ್‌ವರ್ಕ್ ಸಲ್ಯೂಷನ್ಸ್ ಕಂಪನಿಯ ಸರ್ವರ್‌ನಲ್ಲಿ. ಉಳಿದ 12 ರೂಟ್ ಸರ್ವರ್‌ಗಳು ಅದನ್ನು ನೋಡಿ ಕಾಪಿ ಮಾಡ್ತಿದ್ವು. 1998ರ ಜನವರಿ 28ರಂದು ಪೋಸ್ಟೆಲ್ ಒಂದು ಇಮೇಲ್ ಕಳಿಸಿ, ಇನ್ಮೇಲೆ ತಮ್ಮ ಸರ್ವರ್‌ನಿಂದ ಕಾಪಿ ಮಾಡಿ ಅಂದರು. 8 ಸರ್ವರ್‌ಗಳನ್ನು ನಡೆಸುತ್ತಿದ್ದವರು ಹಾಗೇ ಮಾಡಿದರು! ಸರ್ಕಾರದ ಕೈಲಿದ್ದ ಸರ್ವರ್‌ಗಳು ಮಾತ್ರ ಕದಲಲಿಲ್ಲ. ಎರಡೂ ಕಡೆ ಪಟ್ಟಿ ಒಂದೇ ಇದ್ದದ್ದರಿಂದ ಬಳಸೋರಿಗೆ ಏನೂ ಗೊತ್ತಾಗ್ಲಿಲ್ಲ. ಆದರೆ ಎರಡರಲ್ಲಿ ಒಂದು ಬದಲಾಗಿದ್ರೂ ಒಂದೇ ಹೆಸರು ಒಬ್ಬೊಬ್ಬರಿಗೆ ಒಂದೊಂದು ಕಡೆ ಕರ್ಕೊಂಡು ಹೋಗ್ತಿತ್ತು. ವೈಟ್‌ಹೌಸ್‌ನಿಂದ ನಿಲ್ಲಿಸಿ ಅಂತ ಹೇಳಿಕೆ ಬಂತು. ಇದೊಂದು ಟೆಸ್ಟ್ ಅಷ್ಟೇ ಅಂತ ಹೇಳಿ, ವಾರದೊಳಗೆ ಎಲ್ಲವನ್ನೂ ಮೊದಲಿನಂತೆ ಮಾಡಿಸಿದರು.

ಅವರು ಮಾಡಿದ್ದು ಸರಿಯೇ? ನಮ್ಮಲ್ಲೇ ಈ ಬಗ್ಗೆ ಎರಡು ಅಭಿಪ್ರಾಯ ಇದೆ. ಅಧಿಕಾರ ಕೊಟ್ಟವರು ಯಾರು ಅಂತ ಕೆಲವರು ಕೇಳ್ತಾರೆ. ಇಷ್ಟು ದಿನ ಕೂತು ಪಟ್ಟಿ ಬರೆದವರು ಯಾರು ಅಂತ ಇನ್ನು ಕೆಲವರು. ಒಂದಂತೂ ನಿಜ: ಆ 8 ಕಡೆಯವರು ಮಾತು ಕೇಳಿದ್ದು ಕಾನೂನಿಗಲ್ಲ, ನಂಬಿಕೆಗೆ. ಮತ್ತು ಅಷ್ಟೆಲ್ಲ ಒಬ್ಬ ಮನುಷ್ಯನ ಮೇಲೆ ನಿಂತಿತ್ತು ಅನ್ನೋದೇ ಭಯ ಹುಟ್ಟಿಸುತ್ತದೆ.

ಇದು ಪೋಸ್ಟೆಲ್‌ಗೂ ಗೊತ್ತಿತ್ತು. ಆ ವರ್ಷವೆಲ್ಲ ತಮ್ಮ ಕೆಲಸವನ್ನು ಒಂದು ಸಂಸ್ಥೆಗೆ ಒಪ್ಪಿಸಲು ಓಡಾಡಿದರು. ಸೆಪ್ಟೆಂಬರ್ 30ಕ್ಕೆ ಐಕ್ಯಾನ್ ಹುಟ್ಟಿತು. ಹದಿನಾರೇ ದಿನಕ್ಕೆ, ಅಕ್ಟೋಬರ್ 16ರಂದು, ಹೃದಯದ ಆಪರೇಷನ್ ಆದ ಮೇಲೆ ಪೋಸ್ಟೆಲ್ ತೀರಿಕೊಂಡರು. ಆಗ ಅವರಿಗೆ 55 ವರ್ಷ.

ಅವರು ಹೋದ ದಿನವೂ ರೂಟ್ ಎಂದಿನಂತೆ ಉತ್ತರ ಕೊಡ್ತಿತ್ತು. ಇವತ್ತು ಅದೇ ಪಟ್ಟಿಯಲ್ಲಿ ಕನ್ನಡ ಅಕ್ಷರಗಳಲ್ಲೇ ಡಾಟ್ ಭಾರತ ಕೂಡ ಇದೆ.