ಕತೆ ಹೇಳಿದ ಉಪಾಧ್ಯಾಯರು

ಮಕ್ಕಳೇ, ನಾಗರಹಾವಿನೊಡನೆ ಮಗುವೊಂದು ಮಾತನಾಡುವ ಹಾಡನ್ನು ನೀವು ಹಾಡಿರಬಹುದು. ಅದನ್ನು ಬರೆದವರು ಪಂಜೆ ಮಂಗೇಶರಾಯರು. ಅವರು ಹೆಸರಾಂತ ಕವಿ. ಆದರೆ ಅವರ ಉದ್ಯೋಗ ಪಾಠ ಹೇಳುವುದು. ಮೂವತ್ತಕ್ಕೂ ಹೆಚ್ಚು ವರ್ಷ ಅವರು ಆ ಕೆಲಸದಲ್ಲಿದ್ದರು.

ಪಂಜೆಯವರು 1874ರ ಫೆಬ್ರವರಿ 22ರಂದು ಬಂಟ್ವಾಳದಲ್ಲಿ ಹುಟ್ಟಿದರು. ಅದು ನೇತ್ರಾವತಿ ನದಿಯ ದಡದ ಊರು. ಆಗ ಬಂಟ್ವಾಳವೂ ನಮ್ಮ ಕಾಸರಗೋಡೂ ಒಂದೇ ಜಿಲ್ಲೆಯಲ್ಲಿದ್ದವು. ಕಾಸರಗೋಡು ಕೇರಳಕ್ಕೆ ಸೇರಿದ್ದು 1956ರಲ್ಲಿ. ಪಂಜೆಯವರ ಮನೆಮಾತು ಕೊಂಕಣಿ. ಊರವರ ಮಾತು ತುಳು. ಶಾಲೆಯ ಪುಸ್ತಕದಲ್ಲಿದ್ದುದು ಕನ್ನಡ. ನಿಮ್ಮಲ್ಲಿ ಹಲವರದೂ ಹೀಗೆಯೇ ಅಲ್ಲವೇ? ಮನೆಯಲ್ಲಿ ಒಂದು ಮಾತು, ತರಗತಿಯಲ್ಲಿ ಇನ್ನೊಂದು!

ಓದು ಮುಗಿಯುವ ಮೊದಲೇ ಅವರ ತಂದೆ ತೀರಿಕೊಂಡರು. ಮನೆಯ ಭಾರ ಪಂಜೆಯವರ ಹೆಗಲಿಗೆ ಬಿತ್ತು. ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾಗಿ ಕೆಲಸಕ್ಕೆ ಸೇರಿದರು. ದುಡಿಯುತ್ತಲೇ ಓದಿ ಬಿ.ಎ. ಪದವಿ ಪಡೆದರು. ಮುಂದೆ ಶಾಲೆಗಳ ಇನ್‌ಸ್ಪೆಕ್ಟರರೂ ಆದರು. ಇನ್‌ಸ್ಪೆಕ್ಟರರು ಬರುತ್ತಾರೆಂದರೆ ಆ ಕಾಲದಲ್ಲಿ ಮಕ್ಕಳಿಗಷ್ಟೇ ಅಲ್ಲ, ಉಪಾಧ್ಯಾಯರಿಗೂ ನಡುಕ. ಪಂಜೆಯವರಾದರೋ ಮಕ್ಕಳ ನಡುವೆ ನಿಂತು ಕತೆ ಹೇಳುವವರು, ಹಾಡುವವರು.

ಎಳೆಯರು ನಕ್ಕು ನಲಿದು ಓದುವಂತಹ ಕನ್ನಡ ಪುಸ್ತಕಗಳು ಆಗ ಬಹಳ ಕಡಿಮೆ. ಅರ್ಥ ತಿಳಿಯದಿದ್ದರೂ ಪದ್ಯಗಳನ್ನು ಉರುಹೊಡೆಯಬೇಕಾಗಿತ್ತು. ಮನೆಯಲ್ಲಿ ಕನ್ನಡವನ್ನೇ ಕೇಳದ ಮಗು ಏನು ಮಾಡಬೇಕು? ಪುಸ್ತಕವಿಲ್ಲವೆಂದು ಪಂಜೆಯವರು ಸುಮ್ಮನೆ ಕೂರಲಿಲ್ಲ. ತಾವೇ ಬರೆದರು. ಕಡಲ ಕರೆಯ ಮಕ್ಕಳಿಗೆ ಬಿಸಿಲಿಗೆ ಹರಡಿದ ಸಿಗಡಿ ಗೊತ್ತು. ಆ ಸಿಗಡಿ ಯಾಕೆ ಒಣಗಲಿಲ್ಲ ಎಂಬುದೇ ಅವರ ಒಂದು ಕತೆ. ಅದರಲ್ಲಿ ಒಂದು ಪ್ರಶ್ನೆಗೆ ಸಿಕ್ಕ ಉತ್ತರದಿಂದ ಇನ್ನೊಂದು ಪ್ರಶ್ನೆ ಹುಟ್ಟುತ್ತದೆ. ಅದರಿಂದ ಮತ್ತೊಂದು. ಸ್ವಲ್ಪ ಹೊತ್ತಿನಲ್ಲಿ ಮುಂದಿನ ಪ್ರಶ್ನೆಯನ್ನು ಕೇಳುವ ಮಕ್ಕಳೇ ಹೇಳಿಬಿಡುತ್ತಾರೆ. ಕನ್ನಡ ಹೊಸತಾದ ಮಗುವಿನ ನಾಲಿಗೆಯಲ್ಲೂ ಆ ಮಾತು ಕುಣಿಯುತ್ತದೆ. ಪಾಠವೆಂದು ತಿಳಿಯುವ ಮೊದಲೇ ಪಾಠ ಮುಗಿದಿರುತ್ತದೆ!

ತುಳು ಪಾಡ್ದನಗಳಲ್ಲಿದ್ದ ಕೋಟಿ ಚೆನ್ನಯರ ಕತೆಯನ್ನೂ ಅವರು ಕನ್ನಡದಲ್ಲಿ ಬರೆದರು. ಮಕ್ಕಳ ಪುಸ್ತಕಗಳಿಗಾಗಿ ಬಾಲಸಾಹಿತ್ಯ ಮಂಡಲವನ್ನು ಕಟ್ಟಿದರು. ಇಷ್ಟೆಲ್ಲ ಬರೆದವರು ಇಟ್ಟುಕೊಂಡ ಕಾವ್ಯನಾಮ ಯಾವುದು ಗೊತ್ತೇ? ಕವಿಶಿಷ್ಯ. ಊರಿಗೆಲ್ಲ ಗುರುವಾದವರು ತಮ್ಮನ್ನು ಶಿಷ್ಯನೆಂದೇ ಕರೆದುಕೊಂಡರು.

ಐವತ್ತರ ಹತ್ತಿರದ ವಯಸ್ಸಿನಲ್ಲಿ ಅವರಿಗೆ ಕೊಡಗಿಗೆ ವರ್ಗವಾಯಿತು. ಮಡಿಕೇರಿಯ ಹೈಸ್ಕೂಲಿಗೆ ಅವರು ಮುಖ್ಯೋಪಾಧ್ಯಾಯರು. ಊರು ಹೊಸತು, ಜನ ಹೊಸಬರು, ಅವರ ಮಾತೂ ಬೇರೆ. ಪಂಜೆಯವರು ಆ ನಾಡನ್ನು ಕಣ್ತುಂಬ ನೋಡಿದರು. ಅಲ್ಲಿನ ಸುಗ್ಗಿಯ ಹಬ್ಬ ಹುತ್ತರಿ. ಅದರ ಮೇಲೆ ಹಾಡು ಕಟ್ಟಿದರು.

ನಿವೃತ್ತರಾದ ಮೇಲೆ, 1934ರಲ್ಲಿ, ರಾಯಚೂರಿನ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. 1937ರ ಅಕ್ಟೋಬರದಲ್ಲಿ ಹೈದರಾಬಾದಿನಲ್ಲಿ ತೀರಿಕೊಂಡರು. ಅವರ ಹುತ್ತರಿ ಹಾಡನ್ನು ಕೊಡಗಿನವರು ಇಂದಿಗೂ ತಮ್ಮ ನಾಡಿನ ಹಾಡೆಂದು ಹಾಡುತ್ತಾರೆ.