ಹಸಿದವನನ್ನು ವಿಚಾರಿಸಬೇಡಿ ಎಂದ ಮೈಮೊನಿಡೀಸ್

ಸೇವೆಯಲ್ಲಿದ್ದ ದಿನಗಳಲ್ಲಿ ಹೊರ ಜಿಲ್ಲೆಯಿಂದ ವಲಸೆ ಬಂದ ವಿಧವೆಯೊಬ್ಬರ ಪಿಂಚಣಿ ಅರ್ಜಿ ನನ್ನ ಮೇಜಿಗೆ ಬಂದಿತ್ತು. ವಾಸಸ್ಥಳದ ದೃಢೀಕರಣ ಇಲ್ಲವೆಂದು ಅದನ್ನು ಹಿಂದಿರುಗಿಸಿ ಸಹಿ ಮಾಡಿದೆ. ನಿಯಮದ ದೃಷ್ಟಿಯಿಂದ ಅದು ತಪ್ಪಾಗಿರಲಿಲ್ಲ. ನಿವೃತ್ತಿಯ ನಂತರ, ಎಂಟು ಶತಮಾನಗಳ ಹಿಂದಿನ ಯೆಹೂದಿ ವಿದ್ವಾಂಸ ಮೈಮೊನಿಡೀಸ್‌ನ ದಾನಸಂಹಿತೆಯನ್ನು ಓದುವಾಗ ಆ ಸಹಿ ಮತ್ತೆ ಮತ್ತೆ ನೆನಪಾಯಿತು.

ಮೋಶೆ ಬೆನ್ ಮೈಮೊನ್ ಹುಟ್ಟಿದ್ದು 1138ರ ಸುಮಾರಿಗೆ, ಸ್ಪೇನಿನ ಕೊರ್ಡೋಬಾದಲ್ಲಿ. 1148ರಲ್ಲಿ ಆ ನಗರ ಅಲ್ಮೊಹದ್ ಅರಸರ ವಶವಾಯಿತು. ಅನ್ಯಧರ್ಮೀಯರಿಗೆ ನೆಲೆ ತಪ್ಪಿತು. ಈ ಕುಟುಂಬ ವರ್ಷಗಟ್ಟಲೆ ಅಲೆದು, ಮೊರಾಕ್ಕೊದ ಫೆಜ್, ಪ್ಯಾಲೆಸ್ಟೈನಿನ ಏಕರ್ ದಾಟಿ, 1168ರ ಹೊತ್ತಿಗೆ ಕೈರೋ ಬಳಿಯ ಫುಸ್ತಾತ್‌ನಲ್ಲಿ ನೆಲೆಯೂರಿತು. ಬಂದವರನ್ನು ಬರಮಾಡಿಕೊಳ್ಳುವ ಬಗ್ಗೆ ಮುಂದೆ ಶಾಸ್ತ್ರ ಬರೆದವನು ಸ್ವತಃ ನಿರಾಶ್ರಿತನಾಗಿ ಬಂದವನೆಂಬುದು ಗಮನಾರ್ಹ.

ಸಂಸಾರವನ್ನು ಸಾಕುತ್ತಿದ್ದವನು ತಮ್ಮ ದಾವೀದ್, ರತ್ನವ್ಯಾಪಾರಿ. ಆತ ಭಾರತದ ವ್ಯಾಪಾರಕ್ಕಾಗಿ ಹೊರಟು ಹಿಂದೂ ಮಹಾಸಾಗರದಲ್ಲಿ ಮುಳುಗಿ ಸತ್ತ. ಮನೆಯ ಬಂಡವಾಳವೂ ಅವನೊಡನೆ ಹೋಯಿತು. ಒಂದು ವರ್ಷ ಹಾಸಿಗೆ ಹಿಡಿದ ಮೈಮೊನಿಡೀಸ್ ಚೇತರಿಸಿಕೊಂಡ ಮೇಲೆ ವೈದ್ಯವೃತ್ತಿಯನ್ನೇ ಜೀವನೋಪಾಯ ಮಾಡಿಕೊಂಡ. ಧರ್ಮಪಾಂಡಿತ್ಯಕ್ಕೆ ಸಂಬಳ ಪಡೆಯುವುದು ತರವಲ್ಲವೆಂಬುದು ಅವನ ನಿಲುವು. ಸಲಾದಿನ್ ಸುಲ್ತಾನನ ಆಸ್ಥಾನದ ವೈದ್ಯನಾದ ಮೇಲೂ ಬಿಡುವು ಸಿಗಲಿಲ್ಲ. 1199ರ ಪತ್ರವೊಂದರಲ್ಲಿ ತನ್ನ ದಿನಚರಿಯನ್ನು ವಿವರಿಸಿದ್ದಾನೆ. ಅರಮನೆಯಿಂದ ಹಸಿದು ಬರುವ ಹೊತ್ತಿಗೆ ಮನೆಯ ತುಂಬ ಯೆಹೂದಿಗಳು, ಅನ್ಯರು, ಅಧಿಕಾರಿಗಳು, ಬಡವರು ಕಾದಿರುತ್ತಿದ್ದರು. ರಾತ್ರಿ ದಣಿದು ಮಲಗಿಕೊಂಡೇ ಅವರ ಕಷ್ಟ ಕೇಳುತ್ತಿದ್ದ.

1178ರ ಸುಮಾರಿಗೆ ಮುಗಿಸಿದ ಹದಿನಾಲ್ಕು ಭಾಗಗಳ ಧರ್ಮಸಂಹಿತೆಯಲ್ಲಿ ಸಮುದಾಯನಿಧಿಯ ಆಡಳಿತವನ್ನು ಆತ ವಿಧಿಸಿರುವ ರೀತಿ ಯಾವ ಹಣಕಾಸು ಅಧಿಕಾರಿಯೂ ಮೆಚ್ಚುವಂಥದು. ವಾರಕ್ಕೊಮ್ಮೆ ಹಂಚುವ ನಿಧಿ ಊರಿನ ಬಡವರಿಗೆ. ದಿನವೂ ಸಂಗ್ರಹಿಸಿ ಹಂಚುವ ಆಹಾರ ಎಲ್ಲಿಂದಲೋ ಬಂದ ಬಡವನಿಗೂ ಸಲ್ಲಬೇಕು. ನಿಧಿಯನ್ನು ಸಂಗ್ರಹಿಸಲು ಇಬ್ಬರಾದರೂ ಇರಬೇಕು, ಹಂಚಲು ಮೂವರು. ಅಪರಿಚಿತನು ಬಟ್ಟೆ ಕೇಳಿದರೆ ವಿಚಾರಿಸಬಹುದು. ಹಸಿವೆಯೆಂದರೆ ವಿಚಾರಿಸದೆ ಬಡಿಸಬೇಕು. ಅನ್ಯಧರ್ಮದ ಬಡವರಿಗೂ ಪಾಲುಂಟು. ದಾನದ ಎಂಟು ಮೆಟ್ಟಿಲುಗಳಲ್ಲಿ ಮೇಲಿನದು, ಸಾಲವನ್ನೋ ಪಾಲುದಾರಿಕೆಯನ್ನೋ ಕೆಲಸವನ್ನೋ ಕೊಟ್ಟು ಪಡೆಯುವವನು ಮತ್ತೆ ಕೈಚಾಚದಂತೆ ಮಾಡುವುದು. ಇದು ಬರಿಯ ಶಾಸ್ತ್ರವಾಗಿರಲಿಲ್ಲ. ಈಜಿಪ್ಟಿನ ಬಿಲ್ಬೇಸ್‌ನಲ್ಲಿ ಸೆರೆಸಿಕ್ಕವರ ಬಿಡುಗಡೆಗಾಗಿ 1169ರಲ್ಲಿ ಊರೂರಿಗೆ ಪತ್ರ ಬರೆದು ಹಣ ಕೂಡಿಸಿದವರಲ್ಲಿ ಆತನೇ ಮುಂದಾಳು.

ಆದರೆ ಹಣದಿಂದ ಅನ್ನ ಕೊಡಬಹುದು, ನಂಟು ಕೊಡಲಾಗದು. ಒಬದ್ಯ ಎಂಬ ಮತಾಂತರಿ ಕೇಳಿದ ಪ್ರಶ್ನೆ ಇದನ್ನೇ ಕುರಿತದ್ದು: ತನ್ನ ಪೂರ್ವಜರು ಯೆಹೂದಿಗಳಲ್ಲದಿರುವಾಗ, ಪ್ರಾರ್ಥನೆಯಲ್ಲಿ ನಮ್ಮ ಪಿತೃಗಳ ದೇವರೆಂದು ತಾನು ಹೇಳಬಹುದೇ? ಎಲ್ಲವನ್ನೂ ಹುಟ್ಟುಯೆಹೂದಿಯಂತೆಯೇ ಹೇಳಬೇಕು, ಅಬ್ರಹಾಮನು ಅವನಿಗೂ ಪಿತೃವೇ ಎಂದು ಮೈಮೊನಿಡೀಸ್ ತೀರ್ಪಿತ್ತ. ಒಬದ್ಯನನ್ನು ಮೂರ್ಖನೆಂದು ಜರೆದ ಗುರುವೇ ಶಿಷ್ಯನ ಕ್ಷಮೆ ಬೇಡಬೇಕೆಂದೂ ಬರೆದ.

ಹಾಗೆಂದು ಆತನನ್ನು ಇಂದಿನ ಉದಾರವಾದಿಯೆಂದು ಬಿಂಬಿಸುವುದು ಸಲ್ಲದು. ಅಂತರ್ಧರ್ಮೀಯ ವಿವಾಹವನ್ನು ಅವನ ಸಂಹಿತೆ ನಿಷೇಧಿಸುತ್ತದೆ. ಆದರೂ ದಾಸಿಯೊಡನೆ ಬಾಳುತ್ತಿದ್ದ ಯುವಕನ ಪ್ರಕರಣ ಎದುರಾದಾಗ, ಅವಳನ್ನು ಬಿಡುಗಡೆ ಮಾಡಿ ಮದುವೆಯಾಗಲೆಂದು, ಎರಡು ದೋಷಗಳಲ್ಲಿ ಕಿರಿದನ್ನು ಆರಿಸಿಕೊಂಡ. ಇಂಥ ಸಂಸಾರಗಳು ಆ ಕಾಲಕ್ಕೆ ಅಪರೂಪವಲ್ಲ. 1132ರಲ್ಲಿ ನಮ್ಮ ಮಂಗಳೂರಿನಲ್ಲಿಯೇ ವರ್ತಕ ಅಬ್ರಹಾಂ ಬೆನ್ ಯಿಜು ಅಶು ಎಂಬಾಕೆಯನ್ನು ದಾಸ್ಯದಿಂದ ಬಿಡಿಸಿದ ಪತ್ರ ಉಳಿದುಬಂದಿದೆ. ಅವಳನ್ನೇ ಆತ ವರಿಸಿದನೆಂಬುದು ವಿದ್ವಾಂಸರ ಅಭಿಪ್ರಾಯ. ಅವರ ಮಗಳ ಮದುವೆ 1156ರಲ್ಲಿ ನಡೆದದ್ದು ಫುಸ್ತಾತ್‌ನಲ್ಲಿ, ಮೈಮೊನಿಡೀಸ್ ಮುಂದೆ ಬಂದು ನೆಲೆಸಿದ ಅದೇ ಊರಿನಲ್ಲಿ.

ಇಂದು ಇದೇ ಪ್ರಶ್ನೆ ಅಮೆರಿಕದ ಯೆಹೂದಿ ಸಮಾಜದ ಮುಂದಿದೆ. ಪ್ಯೂ ಸಂಶೋಧನಾ ಕೇಂದ್ರದ 2020ರ ಸಮೀಕ್ಷೆಯಂತೆ, 2010ರಿಂದೀಚೆಗೆ ಮದುವೆಯಾದವರಲ್ಲಿ ಶೇ 61 ಮಂದಿಯ ಸಂಗಾತಿ ಯೆಹೂದಿಯಲ್ಲ. ಇಂಥ ಕುಟುಂಬಗಳನ್ನು ಸಮುದಾಯದೊಳಕ್ಕೆ ಕರೆದುಕೊಳ್ಳಬೇಕೆಂದು ಸುಧಾರಣಾ ಪಂಥದ ನಾಯಕ ಅಲೆಕ್ಸಾಂಡರ್ ಶಿಂಡ್ಲರ್ 1978ರಲ್ಲಿ ಕರೆ ಕೊಟ್ಟರು; ಅಂದಿನಿಂದ ಪರಿಚಯ ತರಗತಿ, ಹಬ್ಬದೂಟ, ಮಕ್ಕಳ ಶಿಕ್ಷಣಕ್ಕೆ ದತ್ತಿನಿಧಿಗಳ ಹಣ ಹರಿಯುತ್ತಿದೆ. ಸಂಪ್ರದಾಯಸ್ಥರ ವಿರೋಧವೂ ಇದೆ. ಎಷ್ಟು ಕುಟುಂಬಗಳು ತರಗತಿಗೆ ಬಂದವೆಂದು ಎಣಿಸುವುದು ಸುಲಭ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಕೇಳುವುದು ಬೇರೆ: ನಿನ್ನೆ ಪಡೆದವನು ಇಂದು ಕೊಡುವವರ ಸಾಲಿನಲ್ಲಿ ಕುಳಿತನೇ?

1204ರಲ್ಲಿ ಮೈಮೊನಿಡೀಸ್ ತೀರಿಕೊಂಡ. ಆತ ಹಾಕಿಕೊಟ್ಟ ಕ್ರಮದಲ್ಲಿ ಅನ್ನ ಮೊದಲು, ವಿಚಾರಣೆ ನಂತರ. ಒಳಗೆ ಬಂದವನ ಮೂಲವನ್ನು ಮತ್ತೆ ಎತ್ತಿ ಆಡುವಂತಿಲ್ಲ. ನನ್ನ ಕಡತದಲ್ಲಿ ಈ ಕ್ರಮ ತಲೆಕೆಳಗಾಗಿತ್ತು. ಆ ತಾಯಿ ಎರಡನೆಯ ಸಲ ಅರ್ಜಿ ಹಾಕಲಿಲ್ಲ.